ನಮ್ಮನ್ನು ನಗಿಸಿದ ಟೇಪುಗಳನ್ನು ಉಳಿಸಿಕೊಡಿ

ಬೆಂಗಳೂರು ದೂರದರ್ಶನ ಕೇಂದ್ರದ ಮುಖ್ಯಸ್ಥರಿಗೆ, ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ಹಳೆಯ ಕನ್ನಡ ಹಾಸ್ಯ ಧಾರಾವಾಹಿಗಳ ಹಕ್ಕು ಹೊಂದಿರುವ ಎಲ್ಲ ಚಾನೆಲ್‌ಗಳಿಗೆ,

ನಮಸ್ಕಾರ.

ಸಿಹಿ ಕಹಿ ಚಂದ್ರು ಅಂದರೆ ಕನ್ನಡಿಗರಲ್ಲಿ ಯಾರಿಗೆ ಗೊತ್ತಿಲ್ಲ? ಸಿಹಿ ಕಹಿ ಗೀತಾ ಅವರೂ ಅಷ್ಟೇ ಪರಿಚಿತರು. ಇಬ್ಬರ ಹೆಸರಿನ ಮುಂದೆಯೂ ಇರುವ 'ಸಿಹಿ ಕಹಿ' ಬೆಂಗಳೂರು ದೂರದರ್ಶನದ ಆರಂಭದ ದಿನಗಳ ಒಂದು ಧಾರಾವಾಹಿ. ಜನ ಅದನ್ನು ಎಷ್ಟು ಹಚ್ಚಿಕೊಂಡರು ಅಂದರೆ ನಟರಿಗೆ ಅದೇ ಹೆಸರು ಅಂಟಿಕೊಂಡಿತು. ಇವತ್ತು ಆ ಹೆಸರು ಉಳಿದಿದೆ. ಧಾರಾವಾಹಿಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಕೂತು ನೋಡ್ತೀನಿ ಅನ್ನುವ ಹುಡುಗಿಗೆ ಯಾವ ಬಾಗಿಲು ತೋರಿಸೋದು? ನನಗೆ ಕಾಣುವುದು ನಿಮ್ಮ ಬಾಗಿಲೊಂದೇ. ಅದಕ್ಕೇ ಈ ಪತ್ರ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಕನ್ನಡದ ಹಾಸ್ಯ ಧಾರಾವಾಹಿಗಳನ್ನು, ಸಣ್ಣ ಬಜೆಟ್ಟಿನ ಹಾಸ್ಯ ಚಿತ್ರಗಳನ್ನು, ದೊಡ್ಡ ಪೌರಾಣಿಕ ಐತಿಹಾಸಿಕ ಚಿತ್ರಗಳಷ್ಟೇ ಮುತುವರ್ಜಿಯಿಂದ ಕಾಪಾಡಿ. ಪೂರ್ತಿಯಾಗಿ, ಕ್ರಮವಾಗಿ, ಬರೆದವರ ಹೆಸರಿನ ಸಮೇತ ಜನರಿಗೆ ಸಿಗುವ ಹಾಗೆ ಮಾಡಿ. ತಮಾಷೆಗೆ ಯಾಕೆ ಇಷ್ಟು ಮರ್ಯಾದೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಅವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' 1990ರಲ್ಲಿ ಬಂತು. ಅನಂತ್ ನಾಗ್, ವಿನಯಾ ಪ್ರಸಾದ್, ರಮೇಶ್ ಭಟ್, ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಕಥೆ ಮಲ್ಲಾದಿ ವೆಂಕಟ ಕೃಷ್ಣಮೂರ್ತಿ ಅವರ ತೆಲುಗು ಕಾದಂಬರಿಯಿಂದ ಬಂದದ್ದು. ಆದರೆ ಪರದೆಯ ಮೇಲಿನ ವಠಾರ ಮಾತ್ರ ಅಪ್ಪಟ ನಮ್ಮದು. ಒಂದೇ ವಠಾರದಲ್ಲಿರುವ ಹುಡುಗ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ಜಗಳ. ಅದೇ ಇಬ್ಬರು ಬೇರೆ ಹೆಸರಿನಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದಾರೆ. ಅವರಿಗೇ ಅದು ಗೊತ್ತಿಲ್ಲ. ನಮಗೆ ಗೊತ್ತು. ಆ ಒಂದು ಎಳೆ ಹಿಡಿದು ಎರಡು ಗಂಟೆಗೂ ಜಾಸ್ತಿ ಹೊತ್ತು ನಗಿಸುತ್ತಾರೆ. ಹೊಡೆದಾಟ ಬೇಕಾಗಿಲ್ಲ, ಫಾರಿನ್ ಹಾಡು ಬೇಕಾಗಿಲ್ಲ. ಯಾರು ಯಾವಾಗ ಬಾಗಿಲು ತೆಗೆಯುತ್ತಾರೆ, ಯಾರು ಯಾವ ಮಾತನ್ನು ಅರ್ಧ ಕೇಳಿಸಿಕೊಳ್ಳುತ್ತಾರೆ, ಅಷ್ಟರ ಮೇಲೆಯೇ ಸಿನಿಮಾ ನಿಂತಿದೆ.

ಈ ಚಿತ್ರವನ್ನು ಸುಮ್ನೆ ಟೈಂಪಾಸ್ ಅಂತ ನೋಡಿದವರೇ ಜಾಸ್ತಿ. ನಾನು ಅದನ್ನು ಬೆಂಗಳೂರಿನ ಚರಿತ್ರೆಯ ಒಂದು ದಾಖಲೆ ಅಂತಲೂ ನೋಡುತ್ತೇನೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ವಠಾರಗಳು ಅಪಾರ್ಟ್‌ಮೆಂಟ್‌ಗಳಾಗಿವೆ. ಒಂದೇ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ಬಾಡಿಗೆ ತಡವಾದಾಗ ಮಾಲೀಕರ ಕಣ್ಣು ತಪ್ಪಿಸಿ ಓಡಾಡುವುದು, ಪಕ್ಕದ ಮನೆಯ ಒಗ್ಗರಣೆಯ ವಾಸನೆಯಿಂದಲೇ ಅವರ ಅಡುಗೆ ಏನು ಅಂತ ತಿಳಿಯುವುದು, ಈ ಬದುಕನ್ನು ಗಂಭೀರ ಚಿತ್ರಗಳು ಅಷ್ಟಾಗಿ ಮುಟ್ಟಲಿಲ್ಲ. ಗಂಭೀರ ಚಿತ್ರದ ಕ್ಯಾಮೆರಾ ಹಳ್ಳಿಗೆ ಹೋಯಿತು, ಮಠಕ್ಕೆ ಹೋಯಿತು, ಜಮೀನ್ದಾರರ ಮನೆಗೆ ಹೋಯಿತು. ಅವೆಲ್ಲ ದೊಡ್ಡ ಕೃತಿಗಳೇ. ಸಂಬಳ ಬಂದ ಹತ್ತು ದಿನಕ್ಕೆ ಜೇಬು ಖಾಲಿಯಾಗುವ ಗುಮಾಸ್ತನ ಮನೆಯ ಬಾಗಿಲು ತಟ್ಟಿದ್ದು ಮಾತ್ರ ಹಾಸ್ಯ ಚಿತ್ರಗಳು. ಆ ಕಾಲದ ಮಧ್ಯಮ ವರ್ಗ ಹೇಗೆ ಮಾತಾಡುತ್ತಿತ್ತು, ಮದುವೆ ಮಾತುಕತೆಯಲ್ಲಿ ಏನು ಮುಚ್ಚಿಡುತ್ತಿತ್ತು, ಮನೆಗೆ ಫೋನ್ ಬಂದಾಗ ಎಷ್ಟು ಬೀಗುತ್ತಿತ್ತು ಅಂತ ಮುಂದೆ ಯಾರಾದರೂ ತಿಳಿಯಬೇಕಾದರೆ ಇವುಗಳನ್ನೇ ನೋಡಬೇಕು.

ಫಣಿ ರಾಮಚಂದ್ರ ಅಷ್ಟಕ್ಕೇ ನಿಲ್ಲಲಿಲ್ಲ. 1991ರಲ್ಲಿ 'ಗೌರಿ ಗಣೇಶ', 1992ರಲ್ಲಿ 'ಗಣೇಶ ಸುಬ್ರಹ್ಮಣ್ಯ' ಮಾಡಿದರು. 'ಗೌರಿ ಗಣೇಶ'ದಲ್ಲಿ ಅನಂತ್ ನಾಗ್ ಮಾಡಿದ ಲಂಬೋದರ ಒಬ್ಬ ಚಾಲಾಕಿ ಮೋಸಗಾರ. ತೀರಿಹೋದ ಹೆಣ್ಣುಮಗಳೊಬ್ಬಳ ಡೈರಿ ಕೈಗೆ ಸಿಕ್ಕಿದೆ, ಅದನ್ನಿಟ್ಟುಕೊಂಡು ಮಾನವಂತ ಗಂಡಸರನ್ನು ನಡುಗಿಸುತ್ತಾನೆ. ನಾವು ನಗುತ್ತೇವೆ. ಆದರೆ ಆ ನಗುವಿನ ಕೆಳಗೆ ಒಂದು ಹೆಣ್ಣಿನ ಕಥೆಯಿದೆ, ಅವಳು ನಿಜವಾಗಿ ಯಾರು ಅನ್ನುವ ಪ್ರಶ್ನೆಯಿದೆ. ಕಡೆಗೆ ಗಂಟಲು ಕಟ್ಟುತ್ತದೆ. ಇಷ್ಟು ತೆಳುವಾದ ಗೆರೆಯ ಮೇಲೆ ನಡೆದ ಚಿತ್ರಕಥೆ ಬೇರೆ ಯಾವುದೇ ಪ್ರಕಾರದಲ್ಲಿ ಬಂದಿದ್ದರೆ ಅದನ್ನು ಸಿನಿಮಾ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದರು. ಬಾಲನಟನಾಗಿ ಮಾಸ್ಟರ್ ಆನಂದ್ ಆ ಚಿತ್ರದಲ್ಲಿ ಮಾಡಿದ ಕೆಲಸವನ್ನು ನೋಡಿ. ಅಷ್ಟು ಚಿಕ್ಕ ಹುಡುಗನ ಆ ಟೈಮಿಂಗ್ ಇವತ್ತಿಗೂ ಆಶ್ಚರ್ಯ ಹುಟ್ಟಿಸುತ್ತದೆ.

ಇನ್ನೊಂದು ಚಿತ್ರದ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. 'ಉದ್ಭವ'. ಅದೂ 1990ರದ್ದೇ. ಬಿ.ವಿ. ವೈಕುಂಠರಾಜು ಅವರ ಕೃತಿಯನ್ನು ಆಧರಿಸಿ ಕೂಡ್ಲು ರಾಮಕೃಷ್ಣ ನಿರ್ದೇಶಿಸಿದ್ದು. ಊರಿನ ಒಂದು ರಸ್ತೆ ಅಗಲ ಮಾಡುವ ಯೋಜನೆ ಬರುತ್ತದೆ. ಅದರ ಸುತ್ತ ಲಾಭ ನಷ್ಟದ ಲೆಕ್ಕಾಚಾರ ಶುರುವಾಗುತ್ತದೆ. ಆಗ ನೆಲದಿಂದ ಗಣೇಶ ಉದ್ಭವವಾಗುತ್ತಾನೆ. ಉದ್ಭವ ಮಾಡಿಸಿದವನು ಅನಂತ್ ನಾಗ್ ಪಾತ್ರ. ದೇವರನ್ನು ಅಲ್ಲಿಂದ ಎಬ್ಬಿಸುವವರು ಯಾರು? ಭಕ್ತಿ, ದುಡ್ಡು, ರಾಜಕೀಯ, ಭಯ, ಎಲ್ಲವೂ ಒಂದೇ ರಸ್ತೆಯಲ್ಲಿ ಬಂದು ನಿಲ್ಲುತ್ತವೆ. ಬೆಂಗಳೂರಿನಲ್ಲಿ ರಸ್ತೆಗಾಗಿ ಸರ್ವೆ ಕಲ್ಲು ನೆಟ್ಟ ಕಡೆಯೆಲ್ಲ ಈ ಚಿತ್ರ ನೆನಪಾಗಬೇಕು. ಯಾರ ನಂಬಿಕೆಯನ್ನೂ ಅದು ಹೀಯಾಳಿಸುವುದಿಲ್ಲ. ನಂಬಿಕೆಯನ್ನು ಬಂಡವಾಳ ಮಾಡಿಕೊಳ್ಳುವವರನ್ನು ಮಾತ್ರ ಬಿಡುವುದಿಲ್ಲ. ಈ ವ್ಯತ್ಯಾಸ ಇಟ್ಟುಕೊಂಡು ವ್ಯಂಗ್ಯ ಬರೆಯುವುದು ಬಲು ಕಷ್ಟ. ಇವತ್ತು ಅಂಥ ಚಿತ್ರ ಮಾಡಲು ಎಷ್ಟು ಜನ ಮುಂದೆ ಬರುತ್ತಾರೋ ಹೇಳಲಾರೆ. 1990ರಲ್ಲಿ ಮಾಡಿದ್ದರು ಅನ್ನುವುದೇ ಅದನ್ನು ಕಾಪಾಡಲು ಸಾಕಷ್ಟು ಕಾರಣ, ಅಲ್ವಾ?

ನಾಗತಿಹಳ್ಳಿ ಚಂದ್ರಶೇಖರ್ ಅವರ ಮೊದಲ ಚಿತ್ರ 'ಉಂಡೂ ಹೋದ ಕೊಂಡೂ ಹೋದ' ಕೂಡ ಇದೇ ಸಾಲಿನದು. 1992ರಲ್ಲಿ ಬಂತು. ಸರ್ಕಾರಿ ಅಧಿಕಾರಿಯ ಸೋಗಿನಲ್ಲಿ ಹಳ್ಳಿಗೆ ಬರುವ ಮೋಸಗಾರ, ಅವನನ್ನು ನಂಬಿ ಸತ್ಕಾರ ಮಾಡುವ ಊರು. ಸರ್ಕಾರ ಅಂದರೆ ಹಳ್ಳಿಗೆ ಎಷ್ಟು ಆಸೆ, ಎಷ್ಟು ಅಂಜಿಕೆ ಅಂತ ತಿಳಿಸಲು ಆ ಒಂದು ಚಿತ್ರ ಸಾಕು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ 'ತಿಥಿ'ಯನ್ನು ನೋಡಿ ಲೋಕವೆಲ್ಲ ಬೆರಗಾಯಿತು. ಮಂಡ್ಯದ ಹಳ್ಳಿಯ ಜನರೇ ಅಭಿನಯಿಸಿದ್ದು, ಸಾವಿನ ಸುತ್ತಲೇ ನಗು. ಒಳ್ಳೆಯದಾಯಿತು. ಆದರೆ ಹಳ್ಳಿಯ ಜಾಣತನ ಮತ್ತು ಮುಗ್ಧತೆಯನ್ನು ಒಟ್ಟಿಗೆ ಹಿಡಿಯುವ ಈ ನಗುವಿಗೆ ಕನ್ನಡದಲ್ಲಿ ಮೊದಲೇ ಒಂದು ದಾರಿಯಿತ್ತು. ಆ ದಾರಿಯನ್ನು ತೋರಿಸುವ ಕೆಲಸ ನಾವು ಮಾಡಲಿಲ್ಲ.

ಈಗ ಧಾರಾವಾಹಿಗಳಿಗೆ ಬರುತ್ತೇನೆ. ಇಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಸಿನಿಮಾಕ್ಕಾದರೂ ನಿರ್ಮಾಪಕರು ಇದ್ದಾರೆ, ಟಿವಿ ಹಕ್ಕು ಕೊಂಡವರು ಇದ್ದಾರೆ, ಭಾನುವಾರ ಮಧ್ಯಾಹ್ನ ಯಾವುದೋ ಚಾನೆಲ್‌ನಲ್ಲಿ ಹಾಕುತ್ತಾರೆ. ಧಾರಾವಾಹಿ ಮುಗಿದರೆ ಮುಗಿಯಿತು.

ದೂರದರ್ಶನದಲ್ಲಿ ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ಬರುತ್ತಿದ್ದಾಗ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಒಳಗೆ ಓಡುತ್ತಿದ್ದರು. ಆಗ ಒಂದು ಮನೆಯ ಟಿವಿ ಮುಂದೆ ನಾಲ್ಕು ಮನೆಯವರು ಕೂರುತ್ತಿದ್ದರು. ಅಜ್ಜಿ, ಮೊಮ್ಮಗ, ಬಾಡಿಗೆಗಿದ್ದ ಬ್ಯಾಚುಲರ್, ಎಲ್ಲರೂ ಒಂದೇ ಮಾತಿಗೆ ಒಂದೇ ಕ್ಷಣದಲ್ಲಿ ನಗುವಂಥದ್ದನ್ನು ಬರೆಯುವುದು ಸಣ್ಣ ಕೆಲಸವಲ್ಲ. ಯಾರಿಗೂ ಮುಜುಗರ ಆಗಬಾರದು, ಯಾರಿಗೂ ಸಪ್ಪೆ ಅನ್ನಿಸಬಾರದು. ಅರ್ಧ ಗಂಟೆಯ ಸಮಯ. ಒಂದೆರಡು ಸೆಟ್. ಮರುವಾರ ಮತ್ತೆ ಹೊಸ ಫಜೀತಿ.

ಆ ಕಲೆ ಎಲ್ಲಿಂದ ಬಂತು? ರಂಗಭೂಮಿಯಿಂದ. ರಮೇಶ್ ಭಟ್ ಶಂಕರ್ ನಾಗ್ ಅವರ 'ಸಂಕೇತ್' ತಂಡದಲ್ಲಿ ದುಡಿದವರು. ಮುಖ್ಯಮಂತ್ರಿ ಚಂದ್ರು ಅವರಿಗೆ ಆ ಹೆಸರು ಬಂದದ್ದು ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' ನಾಟಕದಿಂದ. ಲೋಕನಾಥ್, ವೈಶಾಲಿ ಕಾಸರವಳ್ಳಿ, ಕರಿಬಸವಯ್ಯ, ಉಮೇಶ್, ಎಲ್ಲರೂ ನಾಟಕದ ಮಣ್ಣಿನವರೇ. ಸಾಯಂಕಾಲ ರವೀಂದ್ರ ಕಲಾಕ್ಷೇತ್ರದಲ್ಲಿ ಬಣ್ಣ ಹಚ್ಚುತ್ತಿದ್ದವರು ಬೆಳಗ್ಗೆ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ಪ್ರೇಕ್ಷಕರ ನಗು ಎಲ್ಲಿ ಬರುತ್ತೆ, ಎಷ್ಟು ಹೊತ್ತು ಕಾಯಬೇಕು, ಮುಂದಿನ ಮಾತನ್ನು ಯಾವಾಗ ಎತ್ತಿಕೊಳ್ಳಬೇಕು ಅಂತ ಅವರಿಗೆ ಮೈಯಲ್ಲೇ ಗೊತ್ತಿತ್ತು. ನಾಟಕ ಅವತ್ತೇ ಮುಗಿದುಹೋಗುತ್ತದೆ. ಹಾಗಾಗಿ ಆ ತಲೆಮಾರಿನ ರಂಗನಟರ ಟೈಮಿಂಗ್ ಹೇಗಿತ್ತು ಅಂತ ನೋಡಲು ಉಳಿದಿರುವುದು ಈ ಚಿತ್ರಗಳು ಮತ್ತು ಧಾರಾವಾಹಿಗಳು ಮಾತ್ರ. 'ಗೋಲ್‌ಮಾಲ್ ರಾಧಾಕೃಷ್ಣ'ದಲ್ಲಿ ಉಮೇಶ್ ಅವರ ಸೀತಾಪತಿ ಹೇಳುವ "ಅಪಾರ್ಥ ಮಾಡ್ಕೋಬೇಡಿ" ಅನ್ನುವ ಮಾತು ಇವತ್ತಿಗೂ ಮೀಮ್‌ಗಳಲ್ಲಿ ಓಡಾಡುತ್ತಿದೆ. ಮಾತನ್ನು ಬಳಸುವ ಎಷ್ಟು ಹುಡುಗರಿಗೆ ಆ ಚಿತ್ರ ಗೊತ್ತು, ಆ ನಟ ಬಾಲ್ಯದಿಂದಲೇ ಕಂಪನಿ ನಾಟಕದಲ್ಲಿ ಪಳಗಿದವರು ಅಂತ ಗೊತ್ತು?

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾಯಿತು. ಮುಂದಿನ ಕೆಲವು ವರ್ಷ ಕನ್ನಡದ ಹಾಸ್ಯ ಧಾರಾವಾಹಿಗಳಿಗೆ ಸುಗ್ಗಿ. ಸಿಹಿ ಕಹಿ ಚಂದ್ರು ನಿರ್ದೇಶಿಸಿದ 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಪಾಂಡು, ಶಾಲಿನಿ ಶ್ರೀಮತಿ. ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ'ಯಲ್ಲಿ ರವಿಶಂಕರ್ ಡಾಕ್ಟರ್ ವಿಠ್ಠಲ್ ರಾವ್, ಮಂಜುಭಾಷಿಣಿ ಸಮಾಜ ಸೇವಕಿ ಲಲಿತಾಂಬ. ಫಣಿ ರಾಮಚಂದ್ರ ಅವರ 'ದಂಡಪಿಂಡಗಳು' ಕೆಲಸವಿಲ್ಲದ ಹುಡುಗರ ಕಥೆ. ಅದರ ಶೀರ್ಷಿಕೆ ಗೀತೆಯ ಮೊದಲ ಸಾಲು ಹೇಳಿದರೆ ಸಾಕು, ಆ ಕಾಲದವರು ಉಳಿದದ್ದನ್ನು ತಾವೇ ಹಾಡುತ್ತಾರೆ. ಇವು ಯಾವ ನಾಯಕನ ಹೆಸರಿನ ಮೇಲೂ ನಡೆದದ್ದಲ್ಲ. ಪಾತ್ರಗಳ ಮೇಲೆ ನಡೆದವು. ಲಲಿತಾಂಬನಂಥವರು ಪ್ರತಿ ಬಡಾವಣೆಯಲ್ಲೂ ಇದ್ದರು. ಸನ್ಮಾನ, ಶಾಲು, ಪೇಪರಿನಲ್ಲಿ ಫೋಟೊ, ಇದರ ಆಸೆಯನ್ನು ಅಷ್ಟು ಅಕ್ಕರೆಯಿಂದ ಕೆಣಕಿದ ಇನ್ನೊಂದು ಪಾತ್ರ ನನಗೆ ನೆನಪಾಗುವುದಿಲ್ಲ. ವಿಜಯಪ್ರಸಾದ್ ಆಮೇಲೆ 2012ರಲ್ಲಿ 'ಸಿದ್ಲಿಂಗು' ಮಾಡಿದಾಗ ಹೊಸ ಪ್ರತಿಭೆ ಬಂತು ಅಂತ ಎಲ್ಲರೂ ಹೊಗಳಿದರು. ಅವರ ಕೈ ಪಳಗಿದ್ದು ಧಾರಾವಾಹಿಯಲ್ಲಿ ಅನ್ನುವುದನ್ನು ಹೇಳಿದವರು ಕಡಿಮೆ.

ಇವುಗಳಲ್ಲಿ ಎಲ್ಲವೂ ಚಿನ್ನ ಅಂತ ನಾನು ವಾದ ಮಾಡುವುದಿಲ್ಲ. ವರ್ಷಗಟ್ಟಲೆ ಓಡಿದ ಧಾರಾವಾಹಿಯಲ್ಲಿ ದಣಿದ ಕಂತುಗಳು ಇರುತ್ತವೆ, ಎಳೆದದ್ದು ಕಾಣುತ್ತದೆ. ಕೆಲವು ತಮಾಷೆ ಇವತ್ತು ಚುಚ್ಚುತ್ತದೆ. ಹೆಂಡತಿ ಕೈಯಲ್ಲಿ ಗಂಡ ಏಟು ತಿನ್ನುವುದು 'ಪಾಪ ಪಾಂಡು'ವಿನ ನಿತ್ಯದ ತಮಾಷೆ. ದೇಹದ ದಪ್ಪ, ಬಣ್ಣ, ತೊದಲು ಮಾತನ್ನು ಹಿಡಿದು ನಗಿಸಿದ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವನ್ನೂ ಉಳಿಸಿ ಅಂತಲೇ ಕೇಳುತ್ತೇನೆ. ಒಂದು ಕಾಲ ಯಾವುದಕ್ಕೆ ನಕ್ಕಿತು ಅನ್ನುವುದು ಆ ಕಾಲದ ಬಗ್ಗೆ ಬಹಳ ಹೇಳುತ್ತದೆ. ಕತ್ತರಿಸಿ ಚಂದ ಮಾಡಿ ತೋರಿಸಿದರೆ ಅದು ಸುಳ್ಳು ಚರಿತ್ರೆಯಾಗುತ್ತದೆ.

ಕಾಶೀನಾಥ್ ಅವರ ವಿಷಯದಲ್ಲಿ ನಾವು ಮಾಡಿದ್ದು ಇದೇ ಅನ್ಯಾಯ. 'ಡಬಲ್ ಮೀನಿಂಗ್' ಅಂತ ಒಂದು ಮುದ್ರೆ ಒತ್ತಿ ಮೂಲೆಗಿಟ್ಟೆವು. ಮನೆಯವರ ಮುಂದೆ ಅವರ ಹೆಸರು ಹೇಳಲು ಹಿಂಜರಿದೆವು. 1984ರ 'ಅನುಭವ', 1989ರ 'ಅನಂತನ ಅವಾಂತರ' ಮುಜುಗರ ತರಿಸಿದ್ದು ನಿಜ. ಆದರೆ ಮದುವೆಯಾಗುವ ಹುಡುಗ ಹುಡುಗಿಗೆ ಯಾರೂ ಏನೂ ಹೇಳಿಕೊಡದ ಸಮಾಜದ ಬಗ್ಗೆ ಪರದೆಯ ಮೇಲೆ ಬಾಯಿ ಬಿಟ್ಟವರು ಅವರು. ನಾಯಕ ಅಂದರೆ ಎತ್ತರ, ಗಡಸು ದನಿ, ಹೊಡೆದಾಟ ಅನ್ನುವ ಕಾಲದಲ್ಲಿ ಬೀದಿಯಲ್ಲಿ ಕಂಡರೆ ತಿರುಗಿಯೂ ನೋಡದಂಥ ಸಾಧಾರಣ ಮನುಷ್ಯನನ್ನು ನಾಯಕ ಮಾಡಿದರು. ಅವರ ಗರಡಿಯಿಂದ ಉಪೇಂದ್ರ ಬಂದರು. 2018ರಲ್ಲಿ ಕಾಶೀನಾಥ್ ತೀರಿಕೊಂಡಾಗ ಎಲ್ಲರೂ ಅವರನ್ನು ಹೊಗಳಿದರು. ಆ ಚಿತ್ರಗಳ ಮೇಲೆ ಗಂಭೀರವಾದ ಒಂದು ಚರ್ಚೆ ಅವರು ಬದುಕಿದ್ದಾಗಲೇ ಆಗಬೇಕಿತ್ತು.

ಉಮಾಶ್ರೀ ಅವರ ಕಥೆ ಇನ್ನೂ ಸ್ಪಷ್ಟ. 'ಅನುಭವ'ದಿಂದ ಶುರುವಾಗಿ ವರ್ಷಗಟ್ಟಲೆ ಎನ್.ಎಸ್. ರಾವ್ ಅವರಂಥವರ ಜೊತೆ ನಗಿಸುತ್ತಾ ಬಂದರು. ಆಗ ಅವರನ್ನು 'ಕಾಮಿಡಿ ಮಾಡೋರು' ಅಂತ ಅಷ್ಟಕ್ಕೇ ಬಿಟ್ಟೆವು. ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ಬಂದ ಮೇಲೆ ದೊಡ್ಡ ನಟಿ ಅಂತ ಒಪ್ಪಿಕೊಂಡೆವು. ಅವರು ಮೊದಲಿನಿಂದಲೂ ದೊಡ್ಡ ನಟಿಯೇ. ಗುಲಾಬಿಯಲ್ಲಿ ನಾವು ಕಂಡ ಕಣ್ಣಿನ ಚುರುಕು, ದನಿಯ ಏರಿಳಿತ ಆ ಹಾಸ್ಯ ಪಾತ್ರಗಳಲ್ಲೇ ಇತ್ತು. ಹಾಸ್ಯ ನಟರು ಅಳಿಸಿ ತೋರಿಸಿದರೆ ಮಾತ್ರ ನಟನೆ ಅಂತ ಒಪ್ಪುವ ಈ ಅಭ್ಯಾಸ ಹೋಗಬೇಕು. ತಿಪಟೂರಿನ ನರಸಿಂಹರಾಜು 1954ರ 'ಬೇಡರ ಕಣ್ಣಪ್ಪ'ದಿಂದ 1979ರಲ್ಲಿ ತೀರಿಕೊಳ್ಳುವವರೆಗೆ ಕನ್ನಡ ಸಿನಿಮಾಕ್ಕೆ ಎಷ್ಟು ಕೊಟ್ಟರು! ಪೋಸ್ಟರ್‌ನಲ್ಲಿ ಅವರ ಮುಖ ಇದೆಯೋ ಇಲ್ಲವೋ ಅಂತ ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳುತ್ತಿದ್ದ ಜನರಿದ್ದರು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಬಿ. ಜಯಾ, ರಮಾದೇವಿ, ಪಾಪಮ್ಮ ಅವರಂಥ ಹಾಸ್ಯ ನಟಿಯರ ಬಗ್ಗೆ ಮಾತಾಡಲು ನಮಗೆ ಇವತ್ತು ಒಂದು ಪುಟದಷ್ಟು ಮಾಹಿತಿಯೂ ಸುಲಭಕ್ಕೆ ಸಿಗುವುದಿಲ್ಲ. ಅನಂತ್ ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಬಂತು. ಬಹಳ ಖುಷಿಯಾಯಿತು. ಆ ಗೌರವದಲ್ಲಿ ಲಂಬೋದರನಿಗೂ ಪಾಲಿದೆ ಅಂತ ನಾನು ನಂಬುತ್ತೇನೆ.

ಇನ್ನು ಟೇಪುಗಳ ವಿಷಯ. ಅವಸರ ಇರುವುದು ಇಲ್ಲೇ.

ಆ ಕಾಲದ ಟಿವಿ ಕಾರ್ಯಕ್ರಮಗಳು ಯು-ಮ್ಯಾಟಿಕ್ ಮತ್ತು ಬೀಟಾಕ್ಯಾಮ್ ಟೇಪುಗಳಲ್ಲಿ ರೆಕಾರ್ಡ್ ಆದವು. ಆ ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ಕಾಂತೀಯ ಪುಡಿ. ತೇವ ತಾಗಿದರೆ ಅಂಟು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಗಾದ ಟೇಪನ್ನು ಸುಮ್ನೆ ಯಂತ್ರಕ್ಕೆ ಹಾಕಿ ಓಡಿಸಿದರೆ ಪುಡಿ ಕಿತ್ತುಬರುತ್ತದೆ, ಚಿತ್ರ ಶಾಶ್ವತವಾಗಿ ಹೋಗುತ್ತದೆ. ಯಂತ್ರಗಳೂ ಹೆಚ್ಚು ಉಳಿದಿಲ್ಲ. ಸೋನಿ ಕಂಪನಿ ಬೀಟಾಕ್ಯಾಮ್ ಸಾಲಿನ ಯಂತ್ರಗಳ ಮಾರಾಟವನ್ನು 2016ರಲ್ಲಿ ನಿಲ್ಲಿಸಿತು. ಮನೆಯ ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಜಪಾನಿ ಕಂಪನಿಯೂ ಅದೇ ವರ್ಷ ಕೈಬಿಟ್ಟಿತು. ಇರುವ ಹಳೆಯ ಯಂತ್ರ, ಅದನ್ನು ರಿಪೇರಿ ಮಾಡಬಲ್ಲ ಹಳೆಯ ಎಂಜಿನಿಯರ್, ಎರಡೂ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹತ್ತು ವರ್ಷ ಬಿಟ್ಟು ಮಾಡೋಣ ಅನ್ನುವ ಕೆಲಸ ಇದಲ್ಲ.

ಕಳೆದುಕೊಂಡ ನೋವು ಕನ್ನಡಿಗರಿಗೆ ಹೊಸದೇನಲ್ಲ. 1934ರ 'ಸತಿ ಸುಲೋಚನ' ನಮ್ಮ ಮೊದಲ ವಾಕ್ಚಿತ್ರ. ಅದರ ಪ್ರತಿ ಇವತ್ತು ಇಲ್ಲ. ನಮ್ಮ ಭಾಷೆ ಪರದೆಯ ಮೇಲೆ ಮೊದಲು ಹೇಗೆ ಕೇಳಿಸಿತು ಅಂತ ತಿಳಿಯುವ ದಾರಿಯೇ ಮುಚ್ಚಿಹೋಯಿತು.

ದುಡ್ಡಿದ್ದ ದೇಶಗಳಲ್ಲೂ ಹೀಗೆ ಆಗಿದೆ. ಟೇಪು ದುಬಾರಿ ಅಂತ ಬಿಬಿಸಿಯವರು 1960, 70ರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿದರು. 'ಡ್ಯಾಡ್ಸ್ ಆರ್ಮಿ' ಅಲ್ಲಿನ ಜನ ತುಂಬಾ ಪ್ರೀತಿಸಿದ ಹಾಸ್ಯ ಧಾರಾವಾಹಿ. ಅದರ ಮೂರು ಕಂತುಗಳು ಇಂದಿಗೂ ಸಿಕ್ಕಿಲ್ಲ. ತಪ್ಪು ತಿಳಿದ ಮೇಲೆ ಅವರು ಮಾಡಿದ್ದನ್ನು ದಯವಿಟ್ಟು ಗಮನಿಸಿ. 2001ರಲ್ಲಿ ಜನರಿಗೆ ಕರೆ ಕೊಟ್ಟರು. ಕಳೆದುಹೋದ ಕಾರ್ಯಕ್ರಮ ನಿಮ್ಮ ಮನೆಯಲ್ಲಿದ್ದರೆ ತಂದುಕೊಡಿ ಅಂತ. ಅದೇ ವರ್ಷ ಆ ಧಾರಾವಾಹಿಯ ಎರಡು ಕಂತುಗಳು ಖಾಸಗಿಯವರ ಹತ್ತಿರವಿದ್ದದ್ದು ಮರಳಿ ಬಂದವು. ಯಾರೋ ಶೆಡ್‌ನಲ್ಲಿ ಇಟ್ಟಿದ್ದರಂತೆ.

ಇದನ್ನು ನಾವೂ ಮಾಡಬಹುದು. 1980, 90ರ ದಶಕದಲ್ಲಿ ವಿಸಿಆರ್ ಇದ್ದ ಮನೆಗಳಲ್ಲಿ ಜನ ಮದುವೆ ಕ್ಯಾಸೆಟ್ ಪಕ್ಕದಲ್ಲೇ ಧಾರಾವಾಹಿಗಳನ್ನೂ ರೆಕಾರ್ಡ್ ಮಾಡಿ ಇಟ್ಟುಕೊಂಡರು. ದುಬೈಗೆ, ಮಸ್ಕತ್‌ಗೆ, ಅಮೆರಿಕಕ್ಕೆ ಹೋದವರಿಗೆ ಕಳಿಸಿದರು. ದೂರದರ್ಶನ ಚಂದನದಲ್ಲಿ ದಿನಕ್ಕೊಂದು ಸಲ ಒಂದು ನಿಮಿಷದ ಪ್ರಕಟಣೆ ಹಾಕಿ. ಯಾವ ಧಾರಾವಾಹಿಯ ಯಾವ ಕಂತು ಬೇಕು ಅಂತ ಹೇಳಿ. ಟೇಪು ತಂದವರಿಗೆ ಡಿಜಿಟಲ್ ಪ್ರತಿ ಮಾಡಿ ಮೂಲವನ್ನು ಹಿಂದಿರುಗಿಸಿ. ನಮ್ಮ ಕನ್ನಡ ಸಂಘಗಳು ಹೊರದೇಶದಲ್ಲಿ ಈ ಕೆಲಸಕ್ಕೆ ಖಂಡಿತ ಕೈಜೋಡಿಸುತ್ತವೆ.

ಖಾಸಗಿ ಚಾನೆಲ್‌ಗಳ ಬಗ್ಗೆ ನನಗೆ ಬೇರೆ ಆತಂಕವಿದೆ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅದೇ ಸಂಸ್ಥೆಯ ಆ್ಯಪ್ ಮೊದಲು ವೂಟ್, 2023ರಲ್ಲಿ ಜಿಯೊಸಿನಿಮಾ, 2025ರಲ್ಲಿ ಜಿಯೊಹಾಟ್‌ಸ್ಟಾರ್. ಹೀಗೆ ಕೈ ಬದಲಾದಾಗಲೆಲ್ಲ ಹೊಸ ಕಾರ್ಯಕ್ರಮಗಳು ಮೊದಲು ಸಾಗುತ್ತವೆ, ಹಳೆಯದು ಹಿಂದುಳಿಯುತ್ತದೆ. ಜನ ಇವತ್ತು ಯೂಟ್ಯೂಬ್‌ನಲ್ಲಿ ನೋಡುವ ಹಳೆಯ ಕಂತುಗಳಲ್ಲಿ ಎಷ್ಟೋ ಅಭಿಮಾನಿಗಳು ಹಾಕಿದ ತುಣುಕುಗಳು. ಶುರು ಇಲ್ಲ, ಕೊನೆ ಇಲ್ಲ. ಟೈಟಲ್ ಕಾರ್ಡ್ ಕತ್ತರಿಸಿರುತ್ತಾರೆ. ಸಂಭಾಷಣೆ ಬರೆದವರ ಹೆಸರು ಅಲ್ಲೇ ಹೋಗಿಬಿಡುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇದಕ್ಕೇ. ನಟರ ಮುಖ ನಮಗೆ ಗೊತ್ತು, ನಿರ್ದೇಶಕರ ಹೆಸರು ಹೇಗೋ ನೆನಪಿರುತ್ತದೆ. ರಾತ್ರಿ ಕೂತು ನಾಳೆಯ ಶೂಟಿಂಗ್‌ಗೆ ಇಪ್ಪತ್ತು ಪುಟ ಬರೆದು ಕೊಟ್ಟವರು ಯಾರು? ಅವರ ಹೆಸರು ಇರುವುದು ಆ ಟೈಟಲ್ ಕಾರ್ಡಿನಲ್ಲಿ ಮಾತ್ರ. ಅವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಅವರು ನಮ್ಮೊಂದಿಗೆ ಇರುವಾಗಲೇ ಅವರ ಮಾತುಗಳನ್ನು ದಾಖಲಿಸಬೇಕು. ಸ್ಕ್ರಿಪ್ಟುಗಳು ಯಾರ ಮನೆಯ ಅಟ್ಟದಲ್ಲಿದ್ದರೂ ತಂದು ಸ್ಕ್ಯಾನ್ ಮಾಡಿಸಬೇಕು.

2018ರಲ್ಲಿ 'ಪಾಪ ಪಾಂಡು' ಕಲರ್ಸ್ ಸೂಪರ್‌ನಲ್ಲಿ ಹೊಸದಾಗಿ ಬಂದಾಗ ಜನ ಮತ್ತೆ ಕೂತು ನೋಡಿದರು. ಹಳೆಯದರ ಮೇಲೆ ಪ್ರೀತಿ ಇಲ್ಲದಿದ್ದರೆ ಯಾವ ಚಾನೆಲ್ ಅದೇ ಹೆಸರಿನಲ್ಲಿ ಮತ್ತೆ ದುಡ್ಡು ಹಾಕುತ್ತಿತ್ತು? 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ 'ರಾಮಾಯಣ' 'ಮಹಾಭಾರತ'ದ ಜೊತೆಗೆ 'ದೇಖ್ ಭಾಯಿ ದೇಖ್', 'ಶ್ರೀಮಾನ್ ಶ್ರೀಮತಿ'ಯಂಥ ಹಿಂದಿ ಹಾಸ್ಯ ಧಾರಾವಾಹಿಗಳನ್ನೂ ಮತ್ತೆ ತೋರಿಸಿತು. ಹಳೆಯ ಕಾರ್ಯಕ್ರಮಗಳಿಗೆಂದೇ ಡಿಡಿ ರೆಟ್ರೊ ಅನ್ನುವ ಚಾನೆಲ್ ಶುರು ಮಾಡಿತು. 2024ರಲ್ಲಿ ಪ್ರಸಾರ ಭಾರತಿಯ 'ವೇವ್ಸ್' ಒಟಿಟಿ ಬಂತು. ಅಂದರೆ ದಾರಿ ಇದೆ, ವ್ಯವಸ್ಥೆ ಇದೆ, ವೇದಿಕೆ ಇದೆ. ಅಲ್ಲಿ ಬೆಂಗಳೂರು ಕೇಂದ್ರದ ಕನ್ನಡ ಹಾಸ್ಯಕ್ಕೆ ಒಂದು ಪೂರ್ತಿ ವಿಭಾಗ ಬೇಕು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಗಿದ್ದು. ನಾಲ್ಕು ದಶಕದ ಕೆಲಸ ಅದು.

ಚಲನಚಿತ್ರ ಅಕಾಡೆಮಿಯವರಿಗೆ ನನ್ನ ಮಾತು ಬೇರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಗೆ 597 ಕೋಟಿ ರೂಪಾಯಿ ಗೊತ್ತು ಮಾಡಲಾಗಿತ್ತು. ಅಂಥ ಯೋಜನೆಗಳ ಮುಂದೆ ಕನ್ನಡದ ಪಟ್ಟಿ ಇಡುವಾಗ ಪ್ರಶಸ್ತಿ ಬಂದ ಚಿತ್ರಗಳಲ್ಲೇ ನಿಲ್ಲಬೇಡಿ. 'ಉದ್ಭವ'ದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ನೋಡಿ. 'ಗೌರಿ ಗಣೇಶ'ವನ್ನು ಒಳ್ಳೆಯ ಪ್ರತಿಯಲ್ಲಿ, ಒಳ್ಳೆಯ ಸಬ್‌ಟೈಟಲ್ ಹಾಕಿ, ನೀವೇ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಒಂದು ಸಂಜೆ ತೋರಿಸಿ. ಬೇರೆ ಭಾಷೆಯವರು ಕನ್ನಡದ ನಗುವನ್ನು ದೊಡ್ಡ ಪರದೆಯ ಮೇಲೆ ನೋಡಲಿ. ಸಬ್‌ಟೈಟಲ್ ಬರೆಯುವ ಕೆಲಸವನ್ನು ಅವಸರಕ್ಕೆ ಯಾರಿಗೋ ಒಪ್ಪಿಸಬೇಡಿ. ಹಾಸ್ಯದಲ್ಲಿ ಅರ್ಥ ತಿಳಿದರೆ ಸಾಲದು, ಪಂಚ್ ಸರಿಯಾದ ಕ್ಷಣಕ್ಕೆ ಬೀಳಬೇಕು. ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಇದರಿಂದ ಉಪಕಾರ. ಆಡುಮಾತಿನ ಕನ್ನಡವನ್ನು ವಠಾರದ ಜಗಳದಷ್ಟು ಚೆನ್ನಾಗಿ ಇನ್ನೇನು ಕಲಿಸೀತು?

ಓದುತ್ತಿರುವ ಸ್ನೇಹಿತರಿಗೂ ಒಂದು ಮಾತು. ಮನೆಯ ಅಟ್ಟ ಹತ್ತಿ ನೋಡಿ. ವಿಎಚ್‌ಎಸ್ ಕ್ಯಾಸೆಟ್ ಸಿಕ್ಕರೆ ಎಸೆಯಬೇಡಿ, ಹಳೆಯ ಪ್ಲೇಯರಿಗೆ ಹಾಕಿ ಓಡಿಸಲೂ ಬೇಡಿ. ಒಣಗಿದ ತಂಪು ಜಾಗದಲ್ಲಿ ನಿಲ್ಲಿಸಿ ಇಡಿ. ಮೇಲೆ ಏನು ಬರೆದಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ.

ದೂರದರ್ಶನದವರೇ, ಚಾನೆಲ್‌ನವರೇ, ಮೊದಲ ಹೆಜ್ಜೆಗೆ ದುಡ್ಡೂ ಜಾಸ್ತಿ ಬೇಡ. ನಿಮ್ಮ ಲೈಬ್ರರಿಯಲ್ಲಿ ಯಾವ ಹಾಸ್ಯ ಧಾರಾವಾಹಿಯ ಎಷ್ಟು ಕಂತುಗಳಿವೆ, ಯಾವುವು ಇಲ್ಲ, ಬರೆದವರು ಯಾರು ಅಂತ ಒಂದು ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ. 'ಸಿಹಿ ಕಹಿ'ಯಿಂದಲೇ ಶುರು ಮಾಡಿ. ಇಲ್ಲದ್ದನ್ನು ಮನೆಮನೆಯಲ್ಲಿ ಹುಡುಕಲು ನಾವು ಪ್ರೇಕ್ಷಕರು ಸಿದ್ಧರಿದ್ದೇವೆ. ಪಟ್ಟಿ ಯಾವಾಗ ಬರುತ್ತದೆ ಅಂತ ತಿಳಿಸಿ.

ಇಂತಿ,
ನಿಮ್ಮ ಕಾರ್ಯಕ್ರಮಗಳನ್ನು ನೋಡುತ್ತಾ ಬೆಳೆದ ಒಬ್ಬ ಪ್ರೇಕ್ಷಕ